ಔಟೋ ಸೇಫೋ: ಶಾಲಾ ಬೇಸ್‌ಬಾಲ್‌ನಲ್ಲಿ ಅಂಪೈರ್ ತೀರ್ಪನ್ನು ಎಲ್ಲಿಯವರೆಗೆ ಪ್ರಶ್ನಿಸಬಹುದು?

ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್ ಮೈದಾನದಲ್ಲಿ ಅಂಪೈರ್‌ಗೆ ಸ್ವಂತ ಹೆಸರಿಲ್ಲ. ಕೋಚ್‌ಗಳಿಗೆ, ಹುಡುಗರಿಗೆ, ತಂತಿಬೇಲಿಯ ಆಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತ ಅಪ್ಪ–ಅಮ್ಮಂದಿರಿಗೆ ಆತ ಬರೀ 'ಬ್ಲೂ'. ಅಂಪೈರ್‌ಗಳು ತಲೆಮಾರುಗಳಿಂದ ತೊಡುತ್ತಿದ್ದ ನೀಲಿ ಅಂಗಿಯಿಂದ ಅಂಟಿಕೊಂಡ ಹೆಸರದು. ಈಗ ಕಪ್ಪಂಗಿ ಹಾಕಿ ಬಂದರೂ ಬ್ಲೂ ಬ್ಲೂನೇ. 'ಒಳ್ಳೆ ತೀರ್ಪು ಬ್ಲೂ' ಅಂತ ಯಾರಾದರೂ ಹೇಳುವುದು ಅಪರೂಪ. 'ಕಣ್ಣು ಬಿಟ್ಟು ನೋಡು ಬ್ಲೂ' ಮಾತ್ರ ಇನಿಂಗ್ಸಿಗೊಮ್ಮೆ ಕೇಳಿಸುತ್ತದೆ.

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಏಳನೇ ಇನಿಂಗ್ಸ್, ಅಂದರೆ ಕೊನೆಯದು. ವೃತ್ತಿಪರರು ಒಂಬತ್ತು ಆಡಿದರೆ ಹೈಸ್ಕೂಲಿನವರು ಆಡುವುದು ಏಳೇ. ಬ್ಯಾಟಿಂಗ್ ತಂಡ ಒಂದು ರನ್ ಹಿಂದಿದೆ. ಎರಡು ಔಟ್ ಆಗಿವೆ, ಮೂರನೆಯದಾದರೆ ಆಟ ಮುಗಿದಂತೆ. ಮೂರನೇ ಬೇಸ್‌ನಲ್ಲಿ ಒಬ್ಬ ರನ್ನರ್ ಇದ್ದಾನೆ, ಬ್ಯಾಟರ್ ನಿಲ್ಲುವ ಹೋಂ ಪ್ಲೇಟನ್ನು ಅವನು ಮುಟ್ಟಿದರೆ ಒಂದು ರನ್. ಬ್ಯಾಟರ್ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತ ಶಾರ್ಟ್‌ಸ್ಟಾಪ್ ಕಡೆ, ಅಂದರೆ ಎರಡು–ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್ ಕಡೆ, ಹೋಯಿತು. ಅವನು ಹಿಡಿದು ಮೊದಲ ಬೇಸ್‌ಗೆ ಎಸೆದ. ಬ್ಯಾಟರ್ ಓಡಿ ಬಂದು ಆ ಬೇಸ್ ಮುಟ್ಟುವುದರೊಳಗೆ ಅಲ್ಲಿನ ಫೀಲ್ಡರ್ ಬೇಸ್ ಮೇಲೆ ಕಾಲಿಟ್ಟುಕೊಂಡೇ ಚೆಂಡು ಹಿಡಿದರೆ ಔಟ್, ಇಲ್ಲದಿದ್ದರೆ ಸೇಫ್. ಎಸೆತ ಸ್ವಲ್ಪ ವಾಲಿತು, ಫಸ್ಟ್ ಬೇಸ್‌ಮನ್ ಮೈ ಚಾಚಿ ಹಿಡಿದ. ಬೇಸ್ ಅಂಪೈರ್ ಮುಷ್ಟಿ ಎತ್ತಿ 'ಔಟ್!' ಅಂದ. ಆಟ ಮುಗಿಯಿತು ಅಂತ ಒಂದು ತಂಡ ಕುಣಿಯುತ್ತಿದೆ. ಇನ್ನೊಂದು ಕಡೆಯ ಬೇಲಿ ಅಲ್ಲಾಡುತ್ತಿದೆ: 'ಕಾಲು ಬೇಸ್ ಮೇಲೆ ಇರಲೇ ಇಲ್ಲ!'

ಇಂಥ ಹೊತ್ತಿನಲ್ಲಿ ಬೇಲಿಯಾಚೆ ನಿಂತವರಿಗೆ ಇರುವ ಪ್ರಶ್ನೆ ಒಂದೇ: ತೀರ್ಪು ಸರಿಯೋ ತಪ್ಪೋ. ಆದರೆ ನಿಯಮಪುಸ್ತಕ ಅದನ್ನು ಮೊದಲು ಕೇಳುವುದೇ ಇಲ್ಲ. ಅದು ಕೇಳುವುದು ಬೇರೆ ಮೂರು: ಇದು ಎಂಥ ತೀರ್ಪು? ಪ್ರಶ್ನೆ ಎತ್ತಿದವರು ಯಾರು? ಎತ್ತಿದ್ದು ಯಾವಾಗ? ಇಷ್ಟು ತಿಳಿದಿದ್ದರೆ ಮೈದಾನದ ಅರ್ಧ ಕೂಗಾಟ ಏಕೆ ವ್ಯರ್ಥ ಅನ್ನುವುದೂ, ಉಳಿದರ್ಧಕ್ಕೆ ಯಾವ ಬಾಗಿಲು ತೆರೆದಿದೆ ಅನ್ನುವುದೂ ಗೊತ್ತಾಗುತ್ತದೆ. (ನಾನೂ ಬೇಲಿ ಹಿಡಿದು ಕೂಗಿದವನೇ. ಬಹುಪಾಲು ಆ ವ್ಯರ್ಥದ ಅರ್ಧದಲ್ಲಿ.)

ಕಣ್ಣಿನ ತೀರ್ಪು, ಪುಸ್ತಕದ ತೀರ್ಪು

ಅಮೆರಿಕದ ಬಹುತೇಕ ರಾಜ್ಯಗಳ ಹೈಸ್ಕೂಲ್ ಬೇಸ್‌ಬಾಲ್ ನಡೆಯುವುದು ಎನ್‌ಎಫ್‌ಎಚ್‌ಎಸ್ ಎಂಬ ರಾಷ್ಟ್ರೀಯ ಒಕ್ಕೂಟದ ನಿಯಮಪುಸ್ತಕದ ಮೇಲೆ. ಇಂಡಿಯಾನಾಪೊಲಿಸ್‌ನಲ್ಲಿ ಕಚೇರಿಯಿರುವ ಈ ಒಕ್ಕೂಟದ ಲೆಕ್ಕದಂತೆ ವರ್ಷಕ್ಕೆ ಸುಮಾರು 4.8 ಲಕ್ಷ ಹುಡುಗರು ಶಾಲಾ ಬೇಸ್‌ಬಾಲ್ ಆಡುತ್ತಾರೆ. ಪುಸ್ತಕದ 10ನೇ ನಿಯಮ ಅಂಪೈರ್‌ಗಳದು. ಅದರ ತಿರುಳು ಇಷ್ಟು: ಹೊಡೆದ ಚೆಂಡು ಗೆರೆಯೊಳಗಿದ್ದು ಫೇರೋ ಹೊರಗೆ ಹೋಗಿ ಫೌಲೋ, ಪಿಚ್ (ಪಿಚರ್ ಬ್ಯಾಟರ್‌ಗೆ ಎಸೆಯುವ ಎಸೆತ) ಹೊಡೆಯಬಹುದಾದ ಜಾಗಕ್ಕೆ ಬಂದ ಸ್ಟ್ರೈಕೋ ಅದರ ಹೊರಗಿನ ಬಾಲೋ, ರನ್ನರ್ ಸೇಫೋ ಔಟೋ ಎಂಬಂಥ, ಅಂಪೈರ್ ಕಂಡು ನಿರ್ಣಯಿಸಿದ ವಿಷಯಗಳಲ್ಲಿ ಅವನ ಮಾತೇ ಕೊನೆ. ಆದರೆ ತೀರ್ಪು ನಿಯಮಕ್ಕೇ ವಿರುದ್ಧವಾಗಿದೆ ಎಂಬ ನ್ಯಾಯವಾದ ಸಂಶಯವಿದ್ದರೆ ಕೋಚ್ ಅಥವಾ ನಾಯಕ ಸರಿಪಡಿಸುವಂತೆ ಕೇಳಬಹುದು.

ಒಂದು ಕಣ್ಣಿನ ತೀರ್ಪು, ಇನ್ನೊಂದು ಪುಸ್ತಕದ ತೀರ್ಪು. ಕಣ್ಣು ತಪ್ಪಿದರೆ ಮೇಲ್ಮನವಿ ಇಲ್ಲ. ಪುಸ್ತಕ ತಪ್ಪಿದರೆ ಇದೆ.

ಈ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ವೃತ್ತಿಪರ ಬೇಸ್‌ಬಾಲ್‌ನ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. 1983ರ ಜುಲೈ 24, ಯಾಂಕೀ ಸ್ಟೇಡಿಯಂ. ಕಾನ್ಸಾಸ್ ಸಿಟಿ ರಾಯಲ್ಸ್‌ನ ಜಾರ್ಜ್ ಬ್ರೆಟ್ ಒಂಬತ್ತನೇ ಇನಿಂಗ್ಸಿನಲ್ಲಿ, ಎರಡು ಔಟ್ ಆಗಿದ್ದಾಗ ಎರಡು ರನ್‌ಗಳ ಹೋಂ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದ. ರಾಯಲ್ಸ್ 5–4ರಿಂದ ಮುಂದಾಯಿತು. ಆಗ ಯಾಂಕೀಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಬಂದು ಬ್ಯಾಟಿನ ಮೇಲಿನ ಪೈನ್ ಟಾರ್ ತೋರಿಸಿದ. ಹಿಡಿತಕ್ಕಾಗಿ ಹಚ್ಚುವ ಈ ಅಂಟು ಹಿಡಿಯ ಕಡೆಯಿಂದ 18 ಇಂಚು ಮೀರಬಾರದು. ಅಂಪೈರ್‌ಗಳ ಬಳಿ ಅಳತೆಪಟ್ಟಿ ಎಲ್ಲಿಯದು? ಬ್ಯಾಟನ್ನು ನೆಲದ ಮೇಲಿನ ಹೋಂ ಪ್ಲೇಟಿಗೇ ಅಡ್ಡ ಇಟ್ಟು ನೋಡಿದರು. ಪ್ಲೇಟಿನ ಅಗಲ 17 ಇಂಚು. ಅಂಟು ಮೀರಿತ್ತು. ಬ್ರೆಟ್ ಔಟ್, ಪಂದ್ಯ ಮುಗಿಯಿತು ಎಂದರು. ರಾಯಲ್ಸ್ ಪ್ರತಿಭಟನೆ ಸಲ್ಲಿಸಿತು. ಲೀಗ್ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ಅದನ್ನು ಎತ್ತಿಹಿಡಿದ. ಅಂಪೈರ್‌ಗಳು ಕಂಡದ್ದರಲ್ಲಿ ತಪ್ಪಿರಲಿಲ್ಲ, ಅಂಟು ನಿಜವಾಗಿಯೂ ಹೆಚ್ಚಿತ್ತು. ತಪ್ಪಿದ್ದು ಕೊಟ್ಟ ಶಿಕ್ಷೆ: ಬ್ಯಾಟನ್ನು ಆಟದಿಂದ ತೆಗೆಯಬೇಕಿತ್ತೇ ಹೊರತು ಹೊಡೆದ ರನ್ನನ್ನಲ್ಲ. ಹೋಂ ರನ್ ಮರಳಿ ಬಂತು, ಆಗಸ್ಟ್ 18ರಂದು ಅದೇ ಹಂತದಿಂದ ಆಟ ಮುಂದುವರಿದು ರಾಯಲ್ಸ್ ಗೆದ್ದಿತು.

ಈಗ 2012ರ ಅಕ್ಟೋಬರ್ 5ಕ್ಕೆ ಬನ್ನಿ. ಅಟ್ಲಾಂಟಾ, ಸೋತವರು ಮನೆಗೆ ಹೋಗುವ ಪಂದ್ಯ. ಎಂಟನೇ ಇನಿಂಗ್ಸಿನಲ್ಲಿ ಬ್ರೇವ್ಸ್‌ನ ಆಟಗಾರ ಎತ್ತರಕ್ಕೆ ಹೊಡೆದ ಚೆಂಡು ಎಡ ಔಟ್‌ಫೀಲ್ಡಿನಲ್ಲಿ ಎದುರಾಳಿ ಕಾರ್ಡಿನಲ್ಸ್ ತಂಡದ ಇಬ್ಬರು ಫೀಲ್ಡರ್‌ಗಳ ನಡುವೆ ನೆಲಕ್ಕೆ ಬಿತ್ತು. ಆದರೆ ಅದು ಬೀಳುವ ಮುಂಚೆಯೇ ಅಂಪೈರ್ ಸ್ಯಾಮ್ ಹಾಲ್‌ಬ್ರೂಕ್ 'ಇನ್‌ಫೀಲ್ಡ್ ಫ್ಲೈ' ಎಂದು ಕೈ ಎತ್ತಿದ್ದ. ಹಾಗಾಗಿ ಬ್ಯಾಟರ್ ಔಟ್. ಒಳಗಿನ ಫೀಲ್ಡರ್ ಸಾಮಾನ್ಯ ಪ್ರಯತ್ನದಲ್ಲಿ ಹಿಡಿಯಬಹುದಾದ ಚೆಂಡನ್ನು ಬೇಕೆಂದೇ ಕೈಬಿಟ್ಟು, ಬೇಸ್‌ಗಳಲ್ಲಿ ಸಿಕ್ಕಿಕೊಂಡ ರನ್ನರ್‌ಗಳಿಬ್ಬರನ್ನು ಔಟ್ ಮಾಡದಂತೆ ತಡೆಯಲು ಇರುವ ನಿಯಮ ಅದು. ಇಷ್ಟು ದೂರದಲ್ಲಿ ಬಿದ್ದ ಚೆಂಡಿಗೆ ಅದು ಅನ್ವಯಿಸುತ್ತದೆಯೇ ಎಂದು ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ಮೈದಾನಕ್ಕೆ ಎಸೆದರು. ಬ್ರೇವ್ಸ್ ಪ್ರತಿಭಟನೆ ಸಲ್ಲಿಸಿತು. ಅದು ಅಲ್ಲೇ ತಿರಸ್ಕೃತವಾಯಿತು. ಏಕೆಂದರೆ 'ಸಾಮಾನ್ಯ ಪ್ರಯತ್ನ' ಯಾವುದು ಅನ್ನುವುದು ಅಂಪೈರ್‌ನ ಕಣ್ಣಿಗೆ ಬಿಟ್ಟದ್ದು. ಆ ತೀರ್ಪು ಸರಿಯೆಂದು ಒಪ್ಪದವರು ಇಂದಿಗೂ ಬಹಳ ಜನ ಇದ್ದಾರೆ. ಒಪ್ಪದಿರುವುದಕ್ಕೂ ಪ್ರತಿಭಟನೆ ಗೆಲ್ಲುವುದಕ್ಕೂ ಸಂಬಂಧವಿಲ್ಲ.

ಶಾಲಾ ಮೈದಾನದಲ್ಲಿ ಈ ಗೆರೆ ಕೋಚ್‌ನ ಮಾತಿನಲ್ಲೇ ಕಾಣುತ್ತದೆ. ಪಳಗಿದ ಕೋಚ್ 'ಅವನು ಸೇಫ್ ಇದ್ದ' ಎಂದು ವಾದಕ್ಕಿಳಿಯುವುದಿಲ್ಲ. 'ನಿನಗೆ ಏನು ಕಂಡಿತು?' ಎಂದು ಕೇಳುತ್ತಾನೆ. ಎರಡನೇ ಬೇಸ್‌ನಲ್ಲಿ ರನ್ನರ್‌ನನ್ನು ಔಟ್ ಕೊಟ್ಟರು ಎಂದುಕೊಳ್ಳಿ. 'ಟ್ಯಾಗ್ ಮೊದಲು ತಗುಲಿತು', ಅಂದರೆ ರನ್ನರ್ ಬೇಸ್ ಮುಟ್ಟುವ ಮುಂಚೆ ಚೆಂಡು ಹಿಡಿದ ಕೈ ಅವನಿಗೆ ತಾಗಿತು, ಎಂದು ಉತ್ತರ ಬಂದರೆ ಬಾಗಿಲು ಮುಚ್ಚಿತು, ತಂಡ ಕೂರುವ ಡಗೌಟಿಗೆ ಹಿಂತಿರುಗುವುದೇ. 'ಅವನು ಸ್ಲೈಡ್ ಮಾಡಲಿಲ್ಲ, ಅದಕ್ಕೇ ಔಟ್' ಎಂದು ಬಂದರೆ ಕೋಚ್‌ನ ಕಿವಿ ನೆಟ್ಟಗಾಗುತ್ತದೆ. ಹೈಸ್ಕೂಲ್ ನಿಯಮದಲ್ಲಿ ಸ್ಲೈಡ್ ಮಾಡಲೇಬೇಕು, ಅಂದರೆ ನೆಲದ ಮೇಲೆ ಜಾರಿಯೇ ಬೇಸ್ ಸೇರಬೇಕು, ಎಂದಿಲ್ಲ. ಮಾಡಿದರೆ ಕ್ರಮಬದ್ಧವಾಗಿ ಮಾಡಬೇಕು, ಮಾಡದಿದ್ದರೆ ಫೀಲ್ಡರ್‌ಗೆ ಅಡ್ಡಿಯಾಗಬಾರದು, ಬೇಕೆಂದೇ ಗುದ್ದಬಾರದು. ಬರೀ ಸ್ಲೈಡ್ ಮಾಡದ್ದಕ್ಕೆ ಔಟ್ ಎಂದರೆ ಅದು ಪುಸ್ತಕದ ತಪ್ಪು. ಆಟಗಾರನ ಕಾಲು ಎಲ್ಲಿತ್ತು ಎಂಬ ಜಗಳ ಗೆಲ್ಲಲಾಗದು. ಅಂಪೈರ್ ಕೊಟ್ಟ ಕಾರಣ ಯಾವ ನಿಯಮದಲ್ಲಿದೆ ಎಂಬ ಪ್ರಶ್ನೆ ಗೆಲ್ಲಬಹುದು.

ಇಬ್ಬರು ಅಂಪೈರ್, ನಾಲ್ಕು ಬೇಸ್

ಟಿವಿಯಲ್ಲಿ ವೃತ್ತಿಪರರ ಮೇಜರ್ ಲೀಗ್ ನೋಡಿ ಬಂದವರಿಗೆ ಮೊದಲು ಹೊಳೆಯದ ಸಂಗತಿ ಇದು. ಅಲ್ಲಿ ನಾಲ್ವರು ಅಂಪೈರ್‌ಗಳು, ಬೇಸಿಗೊಬ್ಬರು. ಶಾಲೆಯ ಸಾಮಾನ್ಯ ಪಂದ್ಯದಲ್ಲಿ ಇಬ್ಬರೇ: ಬ್ಯಾಟರ್‌ನ ಬೆನ್ನಿಗೆ ಕೂತು ಪಿಚ್ ಹಿಡಿಯುವ ಕ್ಯಾಚರ್ ಹಿಂದೆ ಒಬ್ಬ, ಬೇಸ್‌ಗಳಿಗೆಲ್ಲ ಸೇರಿ ಒಬ್ಬ. ಕೆಲವು ದಿನ ಒಬ್ಬನೇ.

ಬೇಸ್ ಅಂಪೈರ್ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಎ, ಬಿ, ಸಿ ಎಂಬ ಮೂರು ಜಾಗಗಳಿವೆ. ಯಾವ ಬೇಸ್‌ನಲ್ಲೂ ರನ್ನರ್ ಇಲ್ಲದಿದ್ದರೆ 'ಎ': ಮೊದಲ ಬೇಸ್ ಗೆರೆಯ ಹೊರಗೆ, ಫಸ್ಟ್ ಬೇಸ್‌ಮನ್ ಹಿಂದೆ. ಮೊದಲ ಬೇಸ್‌ನಲ್ಲಿ ಮಾತ್ರ ರನ್ನರ್ ಇದ್ದರೆ 'ಬಿ', ಒಳಗಿನ ಅಂಗಳದ ಬಲಭಾಗ. ರನ್ನರ್ ಎರಡು ಅಥವಾ ಮೂರನೇ ಬೇಸ್ ತಲುಪಿದ್ದರೆ 'ಸಿ', ಎಡಭಾಗ. ನಮ್ಮ ಸನ್ನಿವೇಶದಲ್ಲಿ ಮೂರನೇ ಬೇಸ್‌ನಲ್ಲಿ ರನ್ನರ್ ಇದ್ದಾನೆ, ಹಾಗಾಗಿ ಬೇಸ್ ಅಂಪೈರ್ 'ಸಿ'ಯಲ್ಲಿದ್ದಾನೆ. ಪಂದ್ಯ ನಿರ್ಧಾರವಾಗುವ ಘಳಿಗೆ ಮಾತ್ರ ಮೈದಾನದ ಇನ್ನೊಂದು ತುದಿಯಲ್ಲಿ, ಮೊದಲ ಬೇಸ್‌ನಲ್ಲಿ ನಡೆಯುತ್ತದೆ. ನಾಲ್ಕು ಹೆಜ್ಜೆ ಓಡಿ, ನಿಂತು, ನೋಡಬೇಕು. ಓಡುತ್ತ ನೋಡಬಾರದು, ತಲೆ ಕುಲುಕಿದರೆ ಕಣ್ಣೂ ಕುಲುಕುತ್ತದೆ. ಅಂಪೈರ್ ತರಬೇತಿಯಲ್ಲಿ ಹತ್ತಿರಕ್ಕಿಂತ ಕೋನ ಮುಖ್ಯ ಎಂದು ಮತ್ತೆ ಮತ್ತೆ ಹೇಳಿಕೊಡುವುದು ಇದಕ್ಕೇ. ಎಸೆತ ನಿಮ್ಮ ಕಡೆಯಿಂದಲೇ ಹೋದರೆ ಫಸ್ಟ್ ಬೇಸ್‌ಮನ್ ನಿಮಗೆ ಎದುರು ಚಾಚಿರುತ್ತಾನೆ, ಅವನ ಕಾಲು ಬೇಸಿನ ಅಂಚು ಬಿಟ್ಟ ಒಂದು ಬೆರಳಿನ ಸಂದು ಆ ಕೋನಕ್ಕೆ ಕಾಣುವುದೇ ಇಲ್ಲ.

ಕಾಣದ್ದನ್ನು ಕಿವಿಯಿಂದ ತುಂಬಿಕೊಳ್ಳುವ ಉಪಾಯವೂ ಇದೆ. ಕಣ್ಣು ಬೇಸಿನ ಮೇಲೆ, ಕಿವಿ ಗ್ಲೋವಿನ ಮೇಲೆ: ರನ್ನರ್‌ನ ಪಾದ ತಾಗುವುದನ್ನು ನೋಡುತ್ತ ಚೆಂಡು ಗ್ಲೋವಿಗೆ ಬಿದ್ದ 'ಟಪ್' ಸದ್ದನ್ನು ಕೇಳುವುದು. ಯಾವುದು ಮೊದಲೋ ಅದರಂತೆ ತೀರ್ಪು. ಬೇಲಿಯ ಜನ ಎಲ್ಲ ಒಟ್ಟಿಗೇ ಕೂಗುತ್ತಿರುವಾಗ ಆ ಟಪ್ ಕೇಳಿಸುವುದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಿಲ್ಲ.

'ನನ್ನ ಫೋನಲ್ಲಿ ವಿಡಿಯೋ ಇದೆ' ಎಂಬ ಮಾತು ಈಗ ಪ್ರತಿ ಪಂದ್ಯದಲ್ಲೂ ಕೇಳುತ್ತದೆ. ನಿತ್ಯದ ಶಾಲಾ ಪಂದ್ಯಗಳಲ್ಲಿ ವಿಡಿಯೋ ನೋಡಿ ತೀರ್ಪು ಕೊಡುವುದಕ್ಕೆ ನಿಯಮವೇ ಒಪ್ಪುವುದಿಲ್ಲ, ಅದು ಒಂದು. ಇನ್ನೊಂದು, ಆ ವಿಡಿಯೋಗೂ ಮಿತಿಯಿದೆ. ಫೋನ್ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ ಎನ್ನಿ. ಗಂಟೆಗೆ 80 ಮೈಲಿ ವೇಗದ ಎಸೆತ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸುಮಾರು 1.2 ಮೀಟರ್ ಸಾಗಿರುತ್ತದೆ. ಓಡುತ್ತಿರುವ ಹುಡುಗ ಹೆಚ್ಚುಕಮ್ಮಿ ಒಂದು ಗೇಣು ಮುಂದೆ ಹೋಗಿರುತ್ತಾನೆ. ಜಗಳ ಇರುವುದು ಆ ಗೇಣಿನೊಳಗೇ. ಮೇಲಾಗಿ ಚಿತ್ರ ತೆಗೆದ ಅಪ್ಪ ನಿಂತದ್ದು ತನ್ನ ಮಗನ ಡಗೌಟಿನ ಪಕ್ಕದಲ್ಲಿ.

ಸಮಯದ ಕಿಟಕಿ

ನಿಯಮದ ತಪ್ಪೇ ಆಗಿದ್ದರೂ ಅದನ್ನು ಎತ್ತಲು ದಿನಗಟ್ಟಲೆ ಸಮಯವಿಲ್ಲ. ಸಾಮಾನ್ಯ ಗಡುವು ಮುಂದಿನ ಪಿಚ್. ಅದು ಪಿಚರ್‌ನ ಕೈಬಿಟ್ಟಿತೋ, ಹಿಂದಿನದು ಇತಿಹಾಸ. ಆಟವೇ ಮುಗಿದಿದ್ದರೆ ಅಂಪೈರ್‌ಗಳು ಮೈದಾನ ಬಿಡುವುದರೊಳಗೆ. ಅವರು ಹೊರಹೋದ ಕೂಡಲೇ ಅವರ ಅಧಿಕಾರವೂ ಮುಗಿಯುತ್ತದೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇನ್ನೊಂದು ಗೊಂದಲ. ಕ್ರಿಕೆಟ್‌ನಲ್ಲಿ ಯಾರಾದರೂ ಕೇಳದೆ ಅಂಪೈರ್ ಬೆರಳೆತ್ತುವುದಿಲ್ಲ. ಬೇಸ್‌ಬಾಲ್‌ನಲ್ಲಿ ಬಹುತೇಕ ತೀರ್ಪುಗಳು ಕೇಳದೆಯೇ ಬರುತ್ತವೆ. ಆದರೆ ಕೆಲವಕ್ಕೆ ಮಾತ್ರ ಕೇಳಲೇಬೇಕು: ರನ್ನರ್ ಬೇಸ್ ತುಳಿಯದೆ ದಾಟಿದ್ದು, ಕ್ಯಾಚ್ ಆಗುವ ಮುಂಚೆ ಬೇಸ್ ಬಿಟ್ಟದ್ದು, ಬ್ಯಾಟಿಂಗ್ ಸರದಿ ತಪ್ಪಿಸಿ ಬಂದದ್ದು. ಅಂಪೈರ್ ಕಣ್ಣಾರೆ ಕಂಡಿದ್ದರೂ ಬಾಯಿ ಬಿಡುವಂತಿಲ್ಲ. ಹೈಸ್ಕೂಲ್ ಆಟದಲ್ಲಿ ಒಂದು ಸೌಲಭ್ಯವಿದೆ: ಆಟ ನಿಂತಿರುವಾಗ ಫೀಲ್ಡಿಂಗ್ ತಂಡದ ಕೋಚ್ ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಚೆಂಡು ಹಿಡಿದು ಬೇಸ್ ಮುಟ್ಟಬೇಕಿಲ್ಲ.

ಪ್ರಶ್ನೆಯನ್ನು ಯಾರ ಬಳಿ ಒಯ್ಯಬೇಕು ಅನ್ನುವುದೂ ಮುಖ್ಯ. ತೀರ್ಪು ಕೊಟ್ಟ ಅಂಪೈರ್ ಬಳಿಯೇ ಹೋಗಬೇಕು. ಜೊತೆಗಾರ ಅಂಪೈರ್ ತಾನಾಗಿ ಬಂದು ಇನ್ನೊಬ್ಬನ ತೀರ್ಪು ಬದಲಿಸುವಂತಿಲ್ಲ. ಕೇಳಿದರೆ ಮಾತ್ರ ತಾನು ಕಂಡದ್ದನ್ನು ಹೇಳಬಹುದು. ಹೀಗೆ ಕೇಳಲು ತಕ್ಕ ಸಂಗತಿಗಳೂ ಎಣಿಸುವಷ್ಟೇ: ಬ್ಯಾಟರ್ ಅರ್ಧ ಬೀಸಿ ನಿಲ್ಲಿಸಿದನೋ, ಟ್ಯಾಗ್ ಮಾಡಿದ ಮೇಲೆ ಚೆಂಡು ಕೈಜಾರಿತೋ, ಫಸ್ಟ್ ಬೇಸ್‌ಮನ್ ಕಾಲು ಬೇಸಿನಿಂದ ಎದ್ದಿತೋ. ಬರೀ 'ಸಮೀಪದ ಔಟ್' ಎಂದು ಕೇಳಿದರೆ ಪ್ರಯೋಜನವಿಲ್ಲ, ಜೊತೆಗಾರ ಆಗ ತನ್ನ ಪಾಲಿನ ಬೇರೆ ಬೇಸ್ ನೋಡುತ್ತಿದ್ದ.

ಟಿವಿ ಕಲಿಸಿದ ನಿಯಮಗಳು

ಜಗಳಗಳಲ್ಲಿ ಒಂದು ಪಾಲು ಅಂಪೈರ್ ಸರಿಯಿದ್ದು ಬೇಲಿ ತಪ್ಪಿದ್ದು. ಮುಖ್ಯ ಉದಾಹರಣೆ ಬಾಕ್, ಅಂದರೆ ಪಿಚರ್ ರನ್ನರ್‌ನನ್ನು ವಂಚಿಸುವಂತೆ ತನ್ನ ಚಲನೆ ಕೆಡಿಸುವುದು. ಮೇಜರ್ ಲೀಗ್‌ನಲ್ಲಿ ಬಾಕ್ ಆದರೂ ಪಿಚ್ ಹೋದರೆ ಆಟ ನಡೆದು, ಬ್ಯಾಟಿಂಗ್ ತಂಡಕ್ಕೆ ಲಾಭವಾದರೆ ಆ ಲಾಭ ಉಳಿಯಬಹುದು. ಹೈಸ್ಕೂಲ್‌ನಲ್ಲಿ ಬಾಕ್ ಆದ ಕ್ಷಣವೇ ಚೆಂಡು ಸತ್ತಂತೆ. ಆ ಪಿಚ್‌ಗೆ ಮಗ ಹೋಂ ರನ್ ಹೊಡೆದಿದ್ದರೂ ಲೆಕ್ಕಕ್ಕಿಲ್ಲ. ಆ ಮನೆಯವರ ಮುಖ ನೋಡುವಂತಿರುವುದಿಲ್ಲ, ನಿಜ. ಆದರೆ ತೀರ್ಪು ಸರಿ.

'ಕೈ ಬ್ಯಾಟಿನ ಭಾಗ' ಎಂಬುದು ಇನ್ನೊಂದು. ಅಲ್ಲ, ಕೈ ದೇಹದ ಭಾಗವೇ. ಫೌಲ್ ಗೆರೆಯ ಮೇಲೆ ಬಿದ್ದ ಚೆಂಡು ಫೌಲ್ ಅಲ್ಲ, ಫೇರ್. ಹೆಸರಿಟ್ಟವರನ್ನು ಬೈದುಕೊಳ್ಳಬಹುದು, ಅಂಪೈರ್‌ನನ್ನಲ್ಲ.

ಸ್ಟ್ರೈಕ್ ಝೋನ್ ಮಾತ್ರ ಬೇರೆ ರಾಮಾಯಣ. ಹೋಂ ಪ್ಲೇಟಿನ ಮೇಲೆ ನಿಂತ ಕಣ್ಣಿಗೆ ಕಾಣದ ಕಂಬ ಅದು. ಕೆಳಗೆ ಮೊಣಕಾಲು, ಮೇಲೆ ಭುಜಕ್ಕೂ ಸೊಂಟಕ್ಕೂ ನಟ್ಟನಡುವಿನ ಎತ್ತರ. ಚೆಂಡಿನ ಯಾವುದೇ ಭಾಗ ಆ ಕಂಬದ ಯಾವುದೇ ಭಾಗಕ್ಕೆ ಸೋಕಿದರೂ ಸ್ಟ್ರೈಕ್. ಚೆಂಡಿನ ಅಡ್ಡಳತೆ ಮೂರು ಇಂಚಿಗೆ ಸ್ವಲ್ಪ ಕಡಿಮೆ, ಎರಡೂ ಅಂಚಿಗೆ ಸೋಕುವ ಚೆಂಡನ್ನು ಸೇರಿಸಿದರೆ 17 ಇಂಚಿನ ಪ್ಲೇಟು ನಿಜದಲ್ಲಿ ಹತ್ತಿರಹತ್ತಿರ 23 ಇಂಚಿನ ಬಾಗಿಲು. ಲೆಕ್ಕಕ್ಕೆ ಬರುವುದು ಚೆಂಡು ಪ್ಲೇಟನ್ನು ದಾಟಿದ ಜಾಗ, ಕ್ಯಾಚರ್ ಹಿಡಿದ ಜಾಗವಲ್ಲ. ಮಣ್ಣಿಗೆ ಬೀಳುವಂತೆ ಬಾಗಿದ ಕರ್ವ್ ಬಾಲ್ ಮೊಣಕಾಲ ಅಂಚಿಗೆ ಸೋಕಿಕೊಂಡೇ ಕೆಳಗಿಳಿದಿರಬಹುದು. ಇದೆಲ್ಲವನ್ನೂ ಪ್ಲೇಟ್ ಅಂಪೈರ್ ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಕ್ಯಾಚರ್‌ನ ಭುಜದ ಮೇಲಿಂದ ಇಣುಕಿ ನಿರ್ಧರಿಸಬೇಕು. ಬೇಲಿಯ ಬದಿಯಲ್ಲಿ ಕೂತವರಿಗೆ ಎತ್ತರ ಒಂದಿಷ್ಟು ಗೊತ್ತಾದೀತು; ಚೆಂಡು ಪ್ಲೇಟಿನ ಒಳಗಿತ್ತೋ ಹೊರಗಿತ್ತೋ ಆ ಜಾಗದಿಂದ ತಿಳಿಯುವುದು ಸಾಧ್ಯವೇ ಇಲ್ಲ. ಆದರೂ ಅತಿ ಹೆಚ್ಚು ಕೂಗು ಏಳುವುದು ಇದಕ್ಕೇ. ಕೋಚ್ ಇದನ್ನೇ ಹಿಡಿದು ಜಗ್ಗಿದರೆ ಎಚ್ಚರಿಕೆ ಬರುತ್ತದೆ, ಆಮೇಲೆ ಡಗೌಟಿನಿಂದ ಹೊರಬರದಂತೆ ನಿರ್ಬಂಧ, ಕೊನೆಗೆ ಮೈದಾನದಿಂದಲೇ ಹೊರಗೆ. ಹಾಗೆ ಹೊರಹೋದವರು ಮುಂದಿನ ಪಂದ್ಯವನ್ನೂ ಕಳೆದುಕೊಳ್ಳುವ ನಿಯಮ ಅನೇಕ ರಾಜ್ಯಗಳಲ್ಲಿದೆ.

ಮೇಜರ್ ಲೀಗ್ 2026ರ ಸೀಸನ್‌ನಿಂದ ಬಾಲ್–ಸ್ಟ್ರೈಕ್‌ಗೂ ಯಂತ್ರದ ಪರಿಶೀಲನೆಗೆ ಒಪ್ಪಿದೆ. ತಂಡಕ್ಕೆ ಎರಡು ಸವಾಲು, ಗೆದ್ದರೆ ಅದು ಕೈಲೇ ಉಳಿಯುತ್ತದೆ. ಕೇಳಬೇಕಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ. ಹಳ್ಳಿಯಂಚಿನ ಶಾಲಾ ಮೈದಾನದಲ್ಲಿ ಆ ಕ್ಯಾಮೆರಾಗಳಿಲ್ಲ. ಟಿವಿಯಲ್ಲಿ ಕಾಣುವ ನಿಖರತೆಗೂ ಶನಿವಾರದ ಮೈದಾನಕ್ಕೂ ನಡುವಿನ ಅಂತರ ಇನ್ನಷ್ಟು ಹಿಗ್ಗಲಿದೆ, ಕೂಗೂ ಹಿಗ್ಗೀತು ಎಂಬುದು ನನ್ನ ಅಂದಾಜು.

ಮೈದಾನದ ಆಚೆ

ಪಂದ್ಯ ಮುಗಿದ ಮೇಲೆ ಅಧಿಕೃತವಾಗಿ ಪ್ರತಿಭಟಿಸಬಹುದೇ? ಒಕ್ಕೂಟದ ಪುಸ್ತಕ ಇದನ್ನು ಆಯಾ ರಾಜ್ಯದ ಸಂಘಕ್ಕೆ ಬಿಟ್ಟಿದೆ, ಒಪ್ಪಬಹುದು, ಒಪ್ಪದಿರಬಹುದು. ಮೇಜರ್ ಲೀಗ್ ಅಂತೂ 2020ರಿಂದ ಪ್ರತಿಭಟನೆಯ ಹಾದಿಯನ್ನೇ ಮುಚ್ಚಿದೆ. ಜಾರ್ಜ್ ಬ್ರೆಟ್ ಇವತ್ತು ಆಡಿದ್ದರೆ ಆ ದೂರು ಹೋಗಲು ಜಾಗವೇ ಇರುತ್ತಿರಲಿಲ್ಲ.

ಕೋರ್ಟಿಗೆ ಹೋದವರೂ ಇದ್ದಾರೆ. ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಪ್ರಕರಣ ಬೇಸ್‌ಬಾಲ್‌ನದಲ್ಲ, ಜಾರ್ಜಿಯಾ ರಾಜ್ಯದ ಶಾಲಾ ಅಮೆರಿಕನ್ ಫುಟ್‌ಬಾಲ್‌ನದು. 1981ರ ಅಕ್ಟೋಬರ್‌ನಲ್ಲಿ 7–6ರಿಂದ ಮುಂದಿದ್ದ ಆಸ್ಬಾರ್ನ್ ಶಾಲೆಯ ಆಟಗಾರನನ್ನು ಎದುರಾಳಿ ನಿಯಮಬಾಹಿರವಾಗಿ ಕೆಡವಿದಾಗ ರೆಫರಿ ದಂಡವಾಗಿ ಚೆಂಡನ್ನು ಮುಂದಕ್ಕೆ ತಂದುಕೊಟ್ಟ, ಆದರೆ ಜೊತೆಗೆ ಸಿಗಬೇಕಿದ್ದ ಹೊಸ ಸರದಿಯನ್ನು ಕೊಡಲಿಲ್ಲ. ಅದು ಪುಸ್ತಕದ ತಪ್ಪು, ಅನುಮಾನವೇ ಇಲ್ಲ. ಆಸ್ಬಾರ್ನ್ ಸೋತಿತು. ಕೆಳಗಿನ ನ್ಯಾಯಾಲಯ ಆ ಹಂತದಿಂದ ಮತ್ತೆ ಆಡಿಸಿ ಎಂದಿತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ರೆಫರಿಗಳ ತೀರ್ಮಾನ ಪರಿಶೀಲಿಸುವ ಅಧಿಕಾರ ನ್ಯಾಯಾಲಯಗಳಿಗಿಲ್ಲ ಎಂದು ಮುಗಿಸಿತು.

2024ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ಶಾಲಾ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ ಇದೇ ಗಂಟು ಇನ್ನೂ ಬಿಗಿಯಾಯಿತು. ಕೊನೆಯ ಕ್ಷಣದಲ್ಲಿ ಮಾನಸ್ಕ್ವಾನ್ ಶಾಲೆ ಹಾಕಿದ ಬ್ಯಾಸ್ಕೆಟ್ ಅನ್ನು ಮೊದಲು ಒಪ್ಪಿ, ಆಮೇಲೆ ಚರ್ಚಿಸಿ ತಳ್ಳಿದರು. ಕ್ಯಾಮ್ಡೆನ್ 46–45ರಿಂದ ಗೆದ್ದಿತು. ಗಂಟೆ ಬಾರಿಸುವ ಮುಂಚೆಯೇ ಚೆಂಡು ಕೈಬಿಟ್ಟಿತ್ತೆಂದು ವಿಡಿಯೋ ತೋರಿಸಿತು. ರಾಜ್ಯದ ಸಂಘವೇ ತೀರ್ಪು ತಪ್ಪಿತ್ತು ಎಂದು ಒಪ್ಪಿಕೊಂಡಿತು. ಫಲಿತಾಂಶ ಬದಲಾಗಲಿಲ್ಲ. ಅಧಿಕಾರಿಗಳು ಅಂಗಣ ಬಿಟ್ಟಾಗಿತ್ತು.

ಇದನ್ನು ಓದಿದಾಗ ರೇಗುವುದು ಸಹಜ, ನನಗೂ ರೇಗಿತ್ತು. ಆದರೆ ಇನ್ನೊಂದು ಬದಿಯಲ್ಲಿ ಇರುವುದು ಈ ಅಂಪೈರ್‌ಗಳ ಸಂಖ್ಯೆ. 2018–19ರಿಂದ ಮೂರು ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಶಾಲಾ ಅಂಪೈರ್–ರೆಫರಿಗಳು ಕೆಲಸ ಬಿಟ್ಟರು ಎಂದು ಒಕ್ಕೂಟವೇ ಹೇಳಿದೆ. ಕೋವಿಡ್ ಒಂದು ಕಾರಣ, ಬೇಲಿಯ ಕೂಗು ಇನ್ನೊಂದು. ಇವರು ಹಗಲಲ್ಲಿ ಬೇರೆ ಕೆಲಸ ಮಾಡಿ ಸಂಜೆ ಕಾರಿನ ಡಿಕ್ಕಿಯಿಂದ ಮಾಸ್ಕ್, ಪ್ಯಾಡ್ ತೆಗೆದು ಕಟ್ಟಿಕೊಳ್ಳುವವರು. ಇವರು ಕಡಿಮೆಯಾದಷ್ಟೂ ಇಬ್ಬರಿರಬೇಕಾದ ಕಡೆ ಒಬ್ಬನೇ ನಿಲ್ಲುತ್ತಾನೆ, ಆಗ ಮೊದಲ ಬೇಸ್‌ನ ತೀರ್ಪು ಹೋಂ ಪ್ಲೇಟಿನ ಬಳಿಯಿಂದಲೇ ಬರುತ್ತದೆ.

ನಮ್ಮ ಪಂದ್ಯದಲ್ಲಿ ಸದ್ಯ ಇಬ್ಬರಿದ್ದಾರೆ. ಬ್ಯಾಟಿಂಗ್ ತಂಡದ ಕೋಚ್ ಓಡದೆ, ಕೈ ಬೀಸದೆ ನಡೆದು ಹೋಗಿ ಬೇಸ್ ಅಂಪೈರ್ ಮುಂದೆ ನಿಂತ. 'ಕಾಲು ಎದ್ದಿತ್ತು ಅನ್ನಿಸಿತು. ನಿಮ್ಮ ಜೊತೆಗಾರರನ್ನು ಒಮ್ಮೆ ಕೇಳಬಹುದಾ?' ಬೇಸ್ ಅಂಪೈರ್ ಒಂದು ಗಳಿಗೆ ಯೋಚಿಸಿದ. 'ಸಿ'ಯಿಂದ ತನಗೆ ಆ ಕಾಲು ಪೂರ್ತಿ ಕಂಡಿರಲಿಲ್ಲ. ಇಬ್ಬರೂ ಅಂಪೈರ್‌ಗಳು ಮಧ್ಯಕ್ಕೆ ನಡೆದು, ಯಾರಿಗೂ ಕೇಳದಂತೆ ಮಾತಾಡಿದರು. ಹೋಂ ಪ್ಲೇಟಿನಿಂದ ಗೆರೆಯುದ್ದಕ್ಕೂ ನೋಡುತ್ತಿದ್ದವನಿಗೆ ಬೇಸಿಗೂ ಬೂಟಿಗೂ ನಡುವೆ ಮಣ್ಣು ಕಂಡಿತ್ತು.

ಬೇಸ್ ಅಂಪೈರ್ ತಿರುಗಿ ಎರಡೂ ಕೈ ಅಗಲಿಸಿದ: ಸೇಫ್. ತೀರ್ಪು ಬದಲಾದಾಗ ಯಾವ ತಂಡಕ್ಕೂ ಅನ್ಯಾಯವಾಗದಂತೆ ಸರಿಪಡಿಸುವ ಹೊಣೆ ಮುಖ್ಯ ಅಂಪೈರ್‌ನದು. ಮೂರನೇ ಬೇಸ್‌ನ ರನ್ನರ್ ಆಗಲೇ ಹೋಂ ಪ್ಲೇಟ್ ದಾಟಿದ್ದ, ಆ ರನ್ ಲೆಕ್ಕಕ್ಕೆ ಬಂತು. ಸ್ಕೋರ್ ಸಮ. ಕುಣಿಯುತ್ತಿದ್ದವರು ಗ್ಲೋವ್ ಹುಡುಕಿಕೊಂಡು ಮತ್ತೆ ಜಾಗಕ್ಕೆ ಹೋದರು.

ಆ ಕಡೆಯ ಡಗೌಟಿನಿಂದ ಈಗ ಇನ್ನೊಬ್ಬ ಕೋಚ್ ಹೊರಗೆ ಕಾಲಿಟ್ಟ. ಅವನ ಹಿಂದಿನ ಬೇಲಿಯಿಂದ ಯಾರೋ ಕೂಗಿದರು: 'ಕಣ್ಣು ಬಿಟ್ಟು ನೋಡು ಬ್ಲೂ!'